ತಲುಪುವ ದಿನಾಂಕವನ್ನು ಬಿಲ್ಲಿನಲ್ಲಿ ಮುದ್ರಿಸಿ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ.

ವಿಷಯ: ಆನ್‌ಲೈನ್ ಖರೀದಿಯಲ್ಲಿ ಹೇಳಿದ ದಿನಕ್ಕೆ ವಸ್ತು ತಲುಪದಿದ್ದಾಗ ಗ್ರಾಹಕರಿಗೆ ದಿನವಹಿ ಪರಿಹಾರ ಕೊಡಿಸುವ ಕುರಿತು.

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಹಳ್ಳಿಯವನು. ಎರಡು ಎಕರೆ ಅಡಿಕೆ ತೋಟವಿದೆ. ಜೊತೆಗೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತೇನೆ. ಮಗಳು ಸಾಗರದ ಕಾಲೇಜಿನಲ್ಲಿ ಬಿಸಿಎ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ಅವಳಿಗೆಂದು ಆನ್‌ಲೈನ್‌ನಲ್ಲಿ ತರಿಸಿದ ಲ್ಯಾಪ್‌ಟಾಪ್, ಕಂಪನಿ ಹೇಳಿದ್ದ ದಿನಕ್ಕಿಂತ 25 ದಿನ ತಡವಾಗಿ ಮನೆ ಸೇರಿತು. ತಡವಾದದ್ದಕ್ಕೆ ಸಿಟ್ಟು ಬಂದದ್ದು ನಿಜ. ಆದರೆ ಬರೀ ಸಿಟ್ಟಾಗಿದ್ದರೆ ಲ್ಯಾಪ್‌ಟಾಪ್ ಬಂದ ದಿನವೇ ಇಳಿದುಹೋಗುತ್ತಿತ್ತು, ಈ ಪತ್ರ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಕಾಯುತ್ತಿದ್ದ ಆ ದಿನಗಳಲ್ಲಿ ನಾನು ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೂ ಇ-ವಾಣಿಜ್ಯ ನಿಯಮಗಳನ್ನೂ ತೆಗೆದು ಓದಿದೆ. ಇಷ್ಟೆಲ್ಲ ಆದರೂ ಆ ಕಂಪನಿ ನಿಯಮಗಳ ಮಟ್ಟಿಗೆ ಎಲ್ಲಿಯೂ ತಪ್ಪಿಲ್ಲ ಎಂಬುದು ಓದಿದ ಮೇಲೆ ನನಗೆ ಮನವರಿಕೆಯಾಯಿತು. ತಮಗೆ ಬರೆಯುವಂತೆ ಮಾಡಿದ್ದು ಆ ಸಂಗತಿ.

ನಡೆದದ್ದನ್ನು ಮೊದಲು ಹೇಳುತ್ತೇನೆ. ನವರಾತ್ರಿಯ ರಿಯಾಯಿತಿ ಮಾರಾಟದಲ್ಲಿ, ಸೆಪ್ಟೆಂಬರ್ 23ರ ರಾತ್ರಿ, 46,990 ರೂಪಾಯಿಯ ಲ್ಯಾಪ್‌ಟಾಪ್ ಒಂದನ್ನು 9 ತಿಂಗಳ ಕಂತಿನಲ್ಲಿ ಕೊಂಡೆವು. ಸಾಗರದ ಅಂಗಡಿಯಲ್ಲಿ ಅದೇ ಮಾದರಿಗೆ ಸ್ವಲ್ಪ ಹೆಚ್ಚಿನ ಬೆಲೆಯಿತ್ತು, ಅಲ್ಲದೆ ಅವರೂ ತರಿಸಿಕೊಡಲು ಹತ್ತು ದಿನ ಬೇಕೆಂದಿದ್ದರು. ಆನ್‌ಲೈನ್‌ನಲ್ಲಿ ನಮ್ಮ ಪಿನ್‌ಕೋಡ್ ಹಾಕಿದ ಕೂಡಲೇ ಹಸಿರು ಅಕ್ಷರದಲ್ಲಿ ‘ಸೆಪ್ಟೆಂಬರ್ 29, ಸೋಮವಾರದೊಳಗೆ ತಲುಪುತ್ತದೆ’ ಎಂದು ಬಂತು. ನಾವು ಅಂಗಡಿಯನ್ನು ಬಿಟ್ಟು ಆನ್‌ಲೈನಿಗೆ ಹೋದದ್ದು ಬೆಲೆಗಾಗಿ ಎಷ್ಟೋ, ಆ ಹಸಿರು ಸಾಲಿಗಾಗಿಯೂ ಅಷ್ಟೇ. ಅಕ್ಟೋಬರ್ 1ಕ್ಕೆ ಆಯುಧಪೂಜೆ. ಲ್ಯಾಪ್‌ಟಾಪ್ ಅಷ್ಟರೊಳಗೆ ಬಂದರೆ ಪೂಜೆಗಿಟ್ಟು ಆಮೇಲೆ ಓದಲು ಶುರುಮಾಡಬಹುದು ಎಂದು ಮಗಳು ಲೆಕ್ಕ ಹಾಕಿದ್ದಳು.

29 ಕಳೆಯಿತು. 30ರಂದು ಪಾರ್ಸೆಲ್ ಸಾಗರದ ವಿತರಣಾ ಕೇಂದ್ರಕ್ಕೆ ಬಂದಿದೆಯೆಂದು ಸಂದೇಶ ಬಂತು. ಸಾಗರವೆಂದರೆ ನಮಗೆ ಒಂದು ಬಸ್ಸಿನ ದಾರಿ. ನಾನೇ ಹೋಗಿ ತರುತ್ತೇನೆಂದು ಫೋನ್ ಮಾಡಿದರೆ, ಹಾಗೆ ಕೊಡಲು ಅವಕಾಶವಿಲ್ಲ, ಮನೆಗೇ ಬರುತ್ತದೆ ಎಂದರು. ಆಯುಧಪೂಜೆಯ ದಿನ ಬೆಳಿಗ್ಗೆ ಮಗಳು ಹಜಾರದ ಮೇಜನ್ನು ಒರೆಸಿ, ರಂಗೋಲಿ ಎಳೆದು, ಕತ್ತಿ, ಹಾರೆ, ಸಂಘದ ತೂಕದ ಯಂತ್ರ, ನನ್ನ ಬೈಕಿನ ಕೀಲಿ ಎಲ್ಲವನ್ನೂ ಜೋಡಿಸಿದಳು. ಲ್ಯಾಪ್‌ಟಾಪಿಗೆಂದು ಬಿಟ್ಟಿದ್ದ ಜಾಗದಲ್ಲಿ ತನ್ನ ಸಿ ಪ್ರೋಗ್ರಾಮಿಂಗ್ ರೆಕಾರ್ಡ್ ಪುಸ್ತಕವನ್ನು ಇಟ್ಟು ಅದಕ್ಕೇ ಕುಂಕುಮ ಹಚ್ಚಿದಳು.

ಅಕ್ಟೋಬರ್ 3ರಂದು ಪಾರ್ಸೆಲ್ ‘ಔಟ್ ಫಾರ್ ಡೆಲಿವರಿ’ ಆಯಿತು. ಅಂದು ಇಡೀ ದಿನ ಮಳೆ. ನಮ್ಮ ಮನೆಯಲ್ಲಿ ಐದು ಜನರಿದ್ದೇವೆ, ಐದೂ ಜನ ಮನೆಯಲ್ಲೇ ಇದ್ದೆವು. ರಾತ್ರಿ 7 ಗಂಟೆ 42 ನಿಮಿಷಕ್ಕೆ ಫೋನಿಗೆ ಸಂದೇಶ ಬಂತು: ‘ಗ್ರಾಹಕರು ಮನೆಯಲ್ಲಿಲ್ಲದ ಕಾರಣ ವಿತರಣೆ ಸಾಧ್ಯವಾಗಲಿಲ್ಲ.’ ಆ ಹೊತ್ತಿಗೆ ನಾನು ಜಗಲಿಯ ದೀಪದ ಕೆಳಗೆ ಸಂಘದ ಲೆಕ್ಕ ಬರೆಯುತ್ತ ಕುಳಿತಿದ್ದೆ. ಅಂಗಳಕ್ಕೆ ಬೈಕು ಬರಲಿಲ್ಲ, ಫೋನು ರಿಂಗಾಗಲಿಲ್ಲ, ಎರಡು ನಾಯಿಗಳಿರುವ ಮನೆಯಲ್ಲಿ ಒಂದೂ ಬೊಗಳಲಿಲ್ಲ. ಮರುದಿನವೂ ಸಂಜೆ ಅದೇ ಸಂದೇಶ ಬಂತು. ಅಂದೇ ದೂರು ದಾಖಲಿಸಿದೆ. 7ರಂದು ಪಾರ್ಸೆಲ್ ಹುಬ್ಬಳ್ಳಿಗೆ ಹೋಯಿತು, 13ರಂದು ಬೆಂಗಳೂರಿಗೆ. ಅಲ್ಲಿಗೆ ಏಕೆ ಹೋಯಿತೆಂದು ಒಟ್ಟು 11 ಸಲ ಫೋನ್ ಮಾಡಿ ಕೇಳಿದೆ. 11 ಸಲವೂ ‘ಇನ್ನು 48 ಗಂಟೆ ಕಾಯಿರಿ’ ಎಂಬುದೇ ಉತ್ತರವಾಗಿತ್ತು. ಆ ನಡುವೆ, 15ನೇ ತಾರೀಖಿಗೆ ಕಾರ್ಡಿನ ಬಿಲ್ಲಿನಲ್ಲಿ ಮೊದಲ ಕಂತು 5,221 ರೂಪಾಯಿ ಸೇರಿಕೊಂಡಿತು. 16ರಂದು ಮಗಳಿಗೆ ಕಾಲೇಜಿನಲ್ಲಿ ಲ್ಯಾಬ್ ಪರೀಕ್ಷೆ. ಅದಕ್ಕೆ ಮೊದಲಿನ ಹದಿನೈದು ರಾತ್ರಿ ಅವಳು ಫೋನಿನ ಸಣ್ಣ ಪರದೆಯ ಮೇಲೆ ಹೆಬ್ಬೆರಳಿನಲ್ಲಿ ಪ್ರೋಗ್ರಾಮ್ ಬರೆದು ಅಭ್ಯಾಸ ಮಾಡಿದಳು. ಒಂದು ಸೆಮಿಕೋಲನ್ ತಪ್ಪಿದರೆ ಅದು ಎಲ್ಲಿ ತಪ್ಪಿತೆಂದು ಹುಡುಕಲು ಸಾಲುಗಳನ್ನು ಮೇಲೆ ಕೆಳಗೆ ಸರಿಸುತ್ತ ಅರ್ಧ ಗಂಟೆ ಕಳೆಯುತ್ತಿದ್ದಳು. ಲ್ಯಾಪ್‌ಟಾಪ್ ಮನೆಗೆ ಬಂದದ್ದು ಅಕ್ಟೋಬರ್ 24ರಂದು, ದೀಪಾವಳಿಯೂ ಮುಗಿದ ಮೇಲೆ.

ಈಗ ನಿಯಮಗಳ ಮಾತಿಗೆ ಬರುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈ 23ರಂದು ಇ-ವಾಣಿಜ್ಯ ನಿಯಮಗಳು ಜಾರಿಗೆ ಬಂದವು. ಪ್ರತಿ ಕಂಪನಿಗೂ ಕುಂದುಕೊರತೆ ಅಧಿಕಾರಿಯೊಬ್ಬರು ಇರಬೇಕು, ಅವರು 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು ಅವು ಹೇಳುತ್ತವೆ. ನನ್ನ ದೂರಿಗೆ ಸ್ವೀಕೃತಿ ಒಂದೇ ದಿನದಲ್ಲಿ ಬಂತು. ಅಕ್ಟೋಬರ್ 4ರ ಆ ದೂರನ್ನು 24ರಂದು, ಪಾರ್ಸೆಲ್ ಕೈಗೆ ಬಂದ ಅರ್ಧ ಗಂಟೆಯೊಳಗೆ, ‘ಪರಿಹರಿಸಲಾಗಿದೆ’ ಎಂದು ಮುಚ್ಚಿದರು. ಲೆಕ್ಕ ಹಾಕಿದರೆ 20 ದಿನ. ತಿಂಗಳ ಗಡುವಿಗೆ ಇನ್ನೂ ಹತ್ತು ದಿನ ಬಾಕಿಯಿತ್ತು. ತಮ್ಮ ಕಚೇರಿಗೆ ಆ ಕಂಪನಿ ವರದಿ ಕೊಡುವುದಾದರೆ ನನ್ನ ದೂರು ಅದರಲ್ಲಿ ಸಕಾಲಕ್ಕೆ ಪರಿಹಾರ ಕಂಡ ದೂರುಗಳ ಸಾಲಿನಲ್ಲಿ ಇರುತ್ತದೆ. ಆರು ದಿನದಲ್ಲಿ ತಲುಪಿಸುತ್ತೇನೆಂದು ಹಣ ಪಡೆದವರಿಗೆ, ತಲುಪಿಸದಿದ್ದಾಗ ಉತ್ತರ ಹೇಳಲು ಮೂವತ್ತು ದಿನ ಕೊಟ್ಟಿರುವ ನಿಯಮ ಇದು. ಹಾಳಾದ ವಸ್ತು, ನಕಲಿ ವಸ್ತು, ಬದಲಾಗಿ ಬಂದ ವಸ್ತು, ಇವುಗಳ ತನಿಖೆಗೆ ಒಂದು ತಿಂಗಳು ಬೇಕಾಗಬಹುದು ಎಂಬುದನ್ನು ಒಪ್ಪುತ್ತೇನೆ. ತಡವಾಗಿದೆ ಎಂಬ ದೂರಿನಲ್ಲಿ ತನಿಖೆ ಮಾಡಲು ಏನೂ ಇಲ್ಲ. ಕೊಟ್ಟ ದಿನ ಮತ್ತು ಇಂದಿನ ದಿನ ಎರಡೂ ಅವರದೇ ಕಂಪ್ಯೂಟರಿನಲ್ಲಿವೆ.

ಅದೇ ನಿಯಮಗಳ 6ನೇ ನಿಯಮದಲ್ಲಿ, ತಿಳಿಸಿದ ವೇಳಾಪಟ್ಟಿಗಿಂತ ತಡವಾಗಿ ವಸ್ತು ಬಂದರೆ ಅದನ್ನು ಹಿಂಪಡೆಯಲು ಅಥವಾ ಹಣ ವಾಪಸು ಕೊಡಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದಿದೆ. ಪ್ರಕೃತಿ ವಿಕೋಪದಂಥ ಕೈಮೀರಿದ ಕಾರಣಗಳಿಗೆ ಮಾತ್ರ ವಿನಾಯಿತಿ. ತಡದ ಬಗ್ಗೆ ನಿಯಮಗಳಲ್ಲಿ ನನಗೆ ಕಂಡ ಗಟ್ಟಿಯಾದ ಮಾತು ಇದೊಂದೇ. ಆದರೆ ಇದು ಗ್ರಾಹಕರ ಕೈಗೆ ಕೊಡುವುದು ಏನನ್ನು? ಅಕ್ಟೋಬರ್ 10ರಂದು ಬೇಸತ್ತು ಆರ್ಡರ್ ಕ್ಯಾನ್ಸಲ್ ಮಾಡಲು ಕುಳಿತೆ. ಕಂಪನಿಯವರು ಸಂತೋಷದಿಂದಲೇ ಒಪ್ಪಿದರು. ಅಷ್ಟರಲ್ಲಿ ರಿಯಾಯಿತಿ ಮಾರಾಟ ಮುಗಿದು ಅದೇ ಲ್ಯಾಪ್‌ಟಾಪಿನ ಬೆಲೆ 53,490 ರೂಪಾಯಿ ಆಗಿತ್ತು. ಹಣ ವಾಪಸು ಪಡೆದರೆ ನನಗೆ 6,500 ರೂಪಾಯಿ ನಷ್ಟ. ಮತ್ತೆ ಆರ್ಡರ್ ಮಾಡಿದರೆ ಮತ್ತೆ ಮೊದಲ ದಿನದಿಂದ ಕಾಯಬೇಕು. ತಡ ಮಾಡಿದವರಿಗೆ ಇದರಲ್ಲಿ ಕಳೆದುಕೊಳ್ಳಲು ಏನೂ ಇಲ್ಲ, ಬದಲಾಗಿ ಅದೇ ವಸ್ತುವನ್ನು ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ಮಾರುವ ಅವಕಾಶವಿದೆ. ಹಣ ವಾಪಸು ಪಡೆಯುವ ಹಕ್ಕು ಬೇಡವೆಂದು ನಾನು ಹೇಳುತ್ತಿಲ್ಲ. ವಸ್ತು ಬೇಕಾಗಿದ್ದು, ಅದಕ್ಕಾಗಿಯೇ ಕಾಯುತ್ತಿರುವವರಿಗೆ ಅದು ಪರಿಹಾರವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ‘ತಿಳಿಸಿದ ವೇಳಾಪಟ್ಟಿ’ ಎಂಬ ಮಾತನ್ನೇ ನೋಡಿ. ಸೆಪ್ಟೆಂಬರ್ 29 ಕಳೆದ ಮೇಲೆ ಆ ಪುಟದಲ್ಲಿದ್ದ ದಿನಾಂಕ ಅಕ್ಟೋಬರ್ 3 ಆಯಿತು, ಆಮೇಲೆ 8, ಆಮೇಲೆ 18, ಕೊನೆಗೆ 25. ಹಿಂದಿನ ದಿನಾಂಕ ಪ್ರತಿ ಸಲವೂ ಅಳಿಸಿಹೋಗುತ್ತಿತ್ತು. ಮಗಳು ಮೊದಲ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡದೆ ಹೋಗಿದ್ದರೆ, 29ರಂದು ಕೊಡುತ್ತೇವೆಂದು ಅವರು ಹೇಳಿದ್ದಕ್ಕೆ ನಮ್ಮ ಬಳಿ ಪುರಾವೆಯೇ ಇರುತ್ತಿರಲಿಲ್ಲ. ಪಾರ್ಸೆಲ್ ಅಕ್ಟೋಬರ್ 24ಕ್ಕೆ ಬಂದಾಗ ಪುಟದಲ್ಲಿ ಏನಿತ್ತು ಗೊತ್ತೇ? ‘ನಿಗದಿತ ದಿನಕ್ಕಿಂತ ಒಂದು ದಿನ ಮೊದಲೇ ತಲುಪಿಸಲಾಗಿದೆ.’ ನನಗೆ ಅತ್ಯಂತ ನೋವಾದದ್ದು ಆ ಸಾಲನ್ನು ಓದಿದಾಗ. ಪೆಟ್ಟಿಗೆಯ ಜೊತೆ ಬಂದ ಬಿಲ್ಲನ್ನು ಬಿಡಿಸಿ ನೋಡಿದೆ. ಅದರಲ್ಲಿ ಲ್ಯಾಪ್‌ಟಾಪಿನ ಸರಣಿ ಸಂಖ್ಯೆಯಿದೆ, 18 ಪ್ರತಿಶತ ಜಿಎಸ್‌ಟಿಯ ಲೆಕ್ಕ ಪೈಸೆಯವರೆಗೆ ಇದೆ, ಮಾರಾಟಗಾರರ ವಿಳಾಸವಿದೆ, ನನ್ನ ಪಿನ್‌ಕೋಡಿದೆ. ಯಾವ ದಿನಕ್ಕೆ ತಲುಪಿಸುತ್ತೇವೆಂದು ಹಣ ಪಡೆದರೋ ಆ ದಿನವೊಂದು ಇಲ್ಲ.

ಈ ಬಿಲ್ಲನ್ನು ಕೈಯಲ್ಲಿ ಹಿಡಿದಾಗ ನನಗೆ ನಾಡಕಚೇರಿಯ ಚೀಟಿ ನೆನಪಾಯಿತು. ಮಗಳ ಕಾಲೇಜಿಗೆಂದು ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೆವು. ಅರ್ಜಿ ಕೊಟ್ಟ ಕೂಡಲೇ ಕೈಗೆ ಬರುವ ಸ್ವೀಕೃತಿಯಲ್ಲಿ ಅರ್ಜಿಯ ಸಂಖ್ಯೆ ಮತ್ತು ಯಾವ ದಿನದೊಳಗೆ ಕೊಡಲಾಗುವುದು ಎಂಬುದು ಎರಡೂ ಮುದ್ರಿತವಾಗಿರುತ್ತವೆ. ಇದು ಕರ್ನಾಟಕದಲ್ಲಿ 2011ರಲ್ಲಿ ಆದ, 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ನಾಗರಿಕ ಸೇವಾ ಖಾತರಿ ಕಾಯ್ದೆಯ ಫಲ; ಊರಿನಲ್ಲಿ ಎಲ್ಲರೂ ಅದನ್ನು ‘ಸಕಾಲ’ ಎನ್ನುತ್ತಾರೆ. ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಸಲ್ಲುತ್ತದೆ, ಅದನ್ನು ತಡ ಮಾಡಿದ ಅಧಿಕಾರಿಯಿಂದ ವಸೂಲು ಮಾಡಬಹುದು. ಆ ಮೊತ್ತ ದೊಡ್ಡದಲ್ಲ, ಅದನ್ನು ಕೇಳಿ ಪಡೆದವರೂ ನಮ್ಮಲ್ಲಿ ಕಡಿಮೆ. ಆದರೂ ಚೀಟಿಯ ಮೇಲೆ ತಾರೀಖು ಬಿದ್ದಿರುವುದರಿಂದಲೇ ‘ನಾಳೆ ಬಾ’ ಎಂಬ ಮಾತು ಕಡಿಮೆಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರ್ಕಾರವೇ ತನ್ನ ನೌಕರರ ಮೇಲೆ ಇಂಥ ಕಟ್ಟು ಹಾಕಿಕೊಂಡಿರುವಾಗ, ದಿನಕ್ಕೆ ಲಕ್ಷಗಟ್ಟಲೆ ಪಾರ್ಸೆಲ್ ಸಾಗಿಸುತ್ತೇವೆಂದು ಜಾಹೀರಾತು ಕೊಡುವ ಕಂಪನಿಗಳ ಮೇಲೆ ಅದು ಏಕಿರಬಾರದು?

ಕೇಂದ್ರದಲ್ಲಿಯೂ ಇದಕ್ಕೆ ಮಾದರಿಯಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ, ಎಟಿಎಂ, ಕಾರ್ಡು, ಯುಪಿಐ ವಹಿವಾಟು ವಿಫಲವಾಗಿ ಖಾತೆಯಿಂದ ಹಣ ಕಡಿತವಾದರೆ ಎಷ್ಟು ದಿನದೊಳಗೆ ಮರಳಿಸಬೇಕೆಂದು ಗೊತ್ತುಪಡಿಸಿತು. ಆ ಗಡುವು ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರ ಖಾತೆಗೆ ಜಮಾ ಮಾಡಬೇಕು, ಅದೂ ಗ್ರಾಹಕರು ದೂರು ಕೊಡಲೆಂದು ಕಾಯದೆ ತಾನಾಗಿಯೇ ಮಾಡಬೇಕು. ‘ತಾನಾಗಿಯೇ’ ಎಂಬ ಆ ಒಂದು ಮಾತಿನಲ್ಲಿ ಗ್ರಾಹಕರ ಕಷ್ಟವನ್ನು ಬಲ್ಲವರ ಕೈ ಕಾಣುತ್ತದೆ. ಎಟಿಎಂನಲ್ಲಿ ಸಿಕ್ಕಿಕೊಂಡ ನನ್ನ 2,000 ರೂಪಾಯಿಗೆ ಇರುವ ರಕ್ಷಣೆ, ಗೋದಾಮಿನಲ್ಲಿ ಸಿಕ್ಕಿಕೊಂಡ ನನ್ನ 46,990 ರೂಪಾಯಿಗೆ ಇಲ್ಲ. ಸಕಾಲದ ದರದಲ್ಲಿ ನನ್ನ 25 ದಿನಕ್ಕೆ 500 ರೂಪಾಯಿ, ರಿಸರ್ವ್ ಬ್ಯಾಂಕಿನ ದರದಲ್ಲಿ 2,500. ನನಗೆ ಬಂದದ್ದು ಮುಂದಿನ ಖರೀದಿಗೆ ಬಳಸಬಹುದಾದ 100 ರೂಪಾಯಿಯ ಒಂದು ಕೂಪನ್, ಅದರ ಅವಧಿ ಹದಿನೈದು ದಿನ.

ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆಯಲ್ಲ ಎಂದು ತಾವು ಹೇಳಬಹುದು. ತೆರೆದಿದೆ, ಅದಕ್ಕಾಗಿ ಕಾಯ್ದೆ ಮಾಡಿದವರಿಗೆ ಕೃತಜ್ಞನಾಗಿದ್ದೇನೆ. ನಾನು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲಿಯೂ ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾಹಿತಿ ಪಡೆಯಬಹುದು. ಆದರೆ ಬಂದು ಸೇರಿದ ವಸ್ತುವಿಗೆ, 25 ದಿನದ ತಡಕ್ಕೆ, ಎಷ್ಟು ಜನ ಆಯೋಗದ ಮೆಟ್ಟಿಲು ಹತ್ತುತ್ತಾರೆ? ವಸ್ತು ಕೈಗೆ ಸಿಕ್ಕ ದಿನವೇ ಜನ ಹಗುರಾಗುತ್ತಾರೆ, ಮರೆತುಬಿಡುತ್ತಾರೆ. ಕಂಪನಿಗಳು ನೆಚ್ಚಿಕೊಂಡಿರುವುದು ಈ ಮರೆವನ್ನೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಒಬ್ಬೊಬ್ಬರಿಗೂ ಸಣ್ಣದಾಗಿ ಆಗುವ, ಒಟ್ಟಿನಲ್ಲಿ ಬಹಳ ಜನರಿಗೆ ಆಗುವ ಇಂಥ ಅನ್ಯಾಯವನ್ನು ಗ್ರಾಹಕ ಸಮುದಾಯದ ಪರವಾಗಿ ಕೈಗೆತ್ತಿಕೊಳ್ಳಲೆಂದೇ ಅಲ್ಲವೇ 2020ರಲ್ಲಿ ತಮ್ಮ ಪ್ರಾಧಿಕಾರವನ್ನು ಸ್ಥಾಪಿಸಿದ್ದು?

ಹಳ್ಳಿ ದೂರ, ಮಳೆನಾಡು, ರಸ್ತೆ ಸರಿಯಿಲ್ಲ ಎಂಬ ಸಮಾಧಾನವನ್ನು ದಯಮಾಡಿ ಯಾರೂ ಮುಂದಿಡಬಾರದು. ಆರಂಕಿಯ ಪಿನ್‌ಕೋಡ್ ಈ ದೇಶಕ್ಕೆ ಬಂದದ್ದು 1972ರ ಆಗಸ್ಟ್ 15ರಂದು. ಅಂದಿನಿಂದ ನಮ್ಮೂರು ಎಲ್ಲಿದೆಯೆಂದು ಹುಡುಕುವ ಕಷ್ಟ ಯಾರಿಗೂ ಇಲ್ಲ. ನಮ್ಮ ಅಂಚೆಯಣ್ಣ ಜಡಿಮಳೆಯಲ್ಲಿಯೂ ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ಬರುತ್ತಾರೆ. ಹಾಲಿನ ವಾಹನ ಬೆಳಿಗ್ಗೆ ರಸ್ತೆಯ ತಿರುವಿಗೆ ಬರುವ ಹೊತ್ತಿಗೆ ನಮ್ಮ ಕ್ಯಾನುಗಳು ಅಲ್ಲಿರಬೇಕು, ಇರುತ್ತವೆ. ಹತ್ತು ನಿಮಿಷ ತಡವಾದರೆ ಆ ಹೊತ್ತಿನ ಹಾಲು ಸಂಘದ ನಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಕಂಪನಿ ದಿನಾಂಕ ಹೇಳಿದ್ದು ನಮ್ಮ ಪಿನ್‌ಕೋಡ್ ಕೇಳಿದ ಮೇಲೆ. ದೂರವೆಷ್ಟು, ಮಳೆಯೆಷ್ಟು ಎಂದು ತಿಳಿದೇ ಅವರು 29 ಎಂದರು. 12 ದಿನ ಬೇಕು ಎಂದಿದ್ದರೆ ನಾವು ಅದಕ್ಕೆ ತಕ್ಕಂತೆ ಯೋಚಿಸುತ್ತಿದ್ದೆವು, ಪ್ರಾಯಶಃ ಸಾಗರದ ಅಂಗಡಿಯಲ್ಲೇ ಕೊಳ್ಳುತ್ತಿದ್ದೆವು.

ಡೆಲಿವರಿ ಹುಡುಗರ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ಕೊನೆಗೆ ಲ್ಯಾಪ್‌ಟಾಪ್ ತಂದುಕೊಟ್ಟ ಹುಡುಗನಿಗೆ ಇಪ್ಪತ್ತೆರಡರ ಪ್ರಾಯವಿರಬಹುದು. ಕಾಫಿ ಕೊಟ್ಟು, ಅಕ್ಟೋಬರ್ 3ರ ರಾತ್ರಿಯ ಆ ಸಂದೇಶವನ್ನು ತೋರಿಸಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನಿಜ ಹೇಳಿದ. ‘ಬೆಳಿಗ್ಗೆ ಎಪ್ಪತ್ತು ಪಾರ್ಸೆಲ್ ಹೊರಿಸಿ ಕಳಿಸುತ್ತಾರೆ ಅಣ್ಣಾ, ಮಳೆಯಲ್ಲಿ ನಲವತ್ತಕ್ಕಿಂತ ಹೆಚ್ಚು ಆಗೋದಿಲ್ಲ. ಉಳಿದಿದ್ದಕ್ಕೆ ಕಾರಣ ಬರೆಯದೆ ಆ್ಯಪ್ ಮುಚ್ಚೋಕೆ ಬರೋದಿಲ್ಲ. ಆಗಲಿಲ್ಲ ಅಂತ ಬರೆಯೋಕೆ ಅದರಲ್ಲಿ ಜಾಗವೇ ಇಲ್ಲ.’ ಅವನ ಬೈಕು ಅವನದೇ, ಪೆಟ್ರೋಲು ಅವನದೇ, ಕೂಲಿ ಪಾರ್ಸೆಲ್ ಲೆಕ್ಕದಲ್ಲಿ. ಆ ಸುಳ್ಳನ್ನು ಬರೆಸಿದ್ದು ಅವನ ಕೈಯಲ್ಲಿದ್ದ ಆ್ಯಪ್. ಅದನ್ನು ಮಾಡಿದವರು ದೂರದ ಊರಿನಲ್ಲಿದ್ದಾರೆ. ನಮ್ಮ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವ ಇಂಥವರ, ಸಾಮಾಜಿಕ ಭದ್ರತೆಗೆಂದು ಕಾಯ್ದೆಯನ್ನೇ ತಂದಿದೆ. ತಡಕ್ಕೆ ದಂಡ ವಿಧಿಸುವ ನಿಯಮ ಬಂದರೆ ಕಂಪನಿಗಳು ಅದನ್ನು ಈ ಹುಡುಗರ ಕೂಲಿಯಿಂದ ಮುರಿದುಕೊಳ್ಳುವ ಅಪಾಯವಿದೆ. ಹಾಗೆ ಮಾಡುವಂತಿಲ್ಲ ಎಂಬುದನ್ನು ಅದೇ ನಿಯಮದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಅದಿಲ್ಲದ ಪರಿಹಾರ ನನಗೆ ಬೇಡ.

ನನ್ನ ಬೇಡಿಕೆ ಇಷ್ಟು. ಹಣ ಪಾವತಿಸುವ ಗಳಿಗೆಯಲ್ಲಿ ಪರದೆಯ ಮೇಲೆ ಕಾಣುವ ದಿನಾಂಕವನ್ನು ಬಿಲ್ಲಿನಲ್ಲಿ ಮುದ್ರಿಸುವುದು ಕಡ್ಡಾಯವಾಗಬೇಕು ಮತ್ತು ಎಷ್ಟು ಸಲ ಹೊಸ ದಿನ ಹೇಳಿದರೂ ತಡದ ಲೆಕ್ಕ ಆ ಮೊದಲ ದಿನದಿಂದಲೇ ಶುರುವಾಗಬೇಕು. ಅಲ್ಲಿಂದ ಮುಂದೆ ಪ್ರತಿ ದಿನಕ್ಕೆ ಇಂತಿಷ್ಟೆಂದು ಪರಿಹಾರ, ಗ್ರಾಹಕರು ಕೇಳದೆಯೇ, ಕೂಪನ್ನಿನ ರೂಪದಲ್ಲಿ ಅಲ್ಲದೆ ಹಣದ ರೂಪದಲ್ಲಿ, ಪಾವತಿ ಮಾಡಿದ ಖಾತೆಗೇ ಬರಬೇಕು. ತಡವಾದ ಕಾರಣಕ್ಕೆ ಗ್ರಾಹಕರು ಆರ್ಡರ್ ಬಿಟ್ಟುಕೊಟ್ಟರೆ, ಅದೇ ವಸ್ತುವನ್ನು ಹಳೆಯ ಬೆಲೆಗೆ ಮತ್ತೆ ಕೊಳ್ಳುವ ಅವಕಾಶವಿರಬೇಕು. ಕಂತಿನಲ್ಲಿ ಕೊಂಡವರಿಗೆ ವಸ್ತು ಕೈ ಸೇರುವವರೆಗೆ ಮೊದಲ ಕಂತು ಶುರುವಾಗಬಾರದು. ‘ಗ್ರಾಹಕರು ಮನೆಯಲ್ಲಿಲ್ಲ’ ಎಂದು ಬರೆಯುವ ಮೊದಲು ಗ್ರಾಹಕರ ಫೋನಿಗೆ ಕರೆ ಹೋದ ದಾಖಲೆ ಇರಲೇಬೇಕು, ಆ ದಾಖಲೆಯನ್ನು ಗ್ರಾಹಕರು ನೋಡುವಂತಿರಬೇಕು. ಮಾರಾಟಗಾರ ಬೇರೆ, ಜಾಲತಾಣ ಬೇರೆ, ಕೊರಿಯರ್ ಬೇರೆ ಎಂದು ಮೂವರೂ ಪರಸ್ಪರ ಬೆರಳು ತೋರಿಸುವುದನ್ನು ನಿಲ್ಲಿಸಿ, ಹಣ ಪಡೆದವರನ್ನೇ ಹೊಣೆ ಮಾಡಬೇಕು. ಮಾರಾಟಗಾರರು ವಿಫಲರಾದಾಗ ಜಾಲತಾಣವೇ ಹೊಣೆ ಹೊರಬೇಕೆಂಬ ಪ್ರಸ್ತಾಪ 2021ರ ಜೂನ್‌ನಲ್ಲಿ ಕೇಂದ್ರ ಪ್ರಕಟಿಸಿದ ಕರಡು ತಿದ್ದುಪಡಿಯಲ್ಲಿಯೇ ಇತ್ತು.

ಇದು ತಮ್ಮ ಅಧಿಕಾರದ ಆಚೆಗಿನ ಮಾತಲ್ಲ. 2023ರ ನವೆಂಬರ್ 30ರಂದು ತಮ್ಮ ಪ್ರಾಧಿಕಾರವೇ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ‘ಇನ್ನು ಎರಡೇ ಉಳಿದಿವೆ’ ಎಂಬಂಥ ಹುಸಿ ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಪಾಲಿಸಲಾಗದ ದಿನಾಂಕವನ್ನು ಹಸಿರು ಅಕ್ಷರದಲ್ಲಿ ತೋರಿಸಿ ಹಣ ಕಟ್ಟಿಸಿಕೊಂಡು, ಆಮೇಲೆ ಆ ದಿನಾಂಕವನ್ನೇ ಅಳಿಸಿಹಾಕುವುದನ್ನು ಆ ಪಟ್ಟಿಗೆ ಹದಿನಾಲ್ಕನೆಯದಾಗಿ ಸೇರಿಸಬೇಕೆಂದು ವಿನಂತಿಸುತ್ತೇನೆ. ಬಿಲ್ಲು, ಐದು ದಿನಾಂಕಗಳ ಸ್ಕ್ರೀನ್‌ಶಾಟುಗಳು, 11 ಕರೆಗಳ ವಿವರ ಮತ್ತು ಆ ರಾತ್ರಿ 7 ಗಂಟೆ 42 ನಿಮಿಷದ ಸಂದೇಶವನ್ನು ಮಗಳು ಒಂದು ಕಡತದಲ್ಲಿ ಜೋಡಿಸಿಟ್ಟಿದ್ದಾಳೆ. ತಾವು ಕೇಳಿದ ದಿನ ಅದನ್ನು ಕಳುಹಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಗ್ರಾಹಕ